ಯಂತ್ರದ ತೀರ್ಪು ಅಪೌರುಷೇಯವೇ?

ಕೃತಕ ಬುದ್ಧಿಮತ್ತೆಯನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಎಂಥ ಬರವಣಿಗೆಯ ಶೈಲಿಯಲ್ಲಿ ಕಲಿಸಬೇಕೆಂಬ ಪ್ರಶ್ನೆ ಪಠ್ಯಕ್ರಮ ಸಮಿತಿಯ ಒಂದೇ ಸಭೆಯಲ್ಲಿ ತೀರಿಹೋಗುವಷ್ಟು ಸಣ್ಣದೆಂದು ತೋರುತ್ತದೆಯಾದರೂ, ಅದರ ಬುಡದಲ್ಲಿ ಭಾರತೀಯ ದರ್ಶನಗಳು ಶತಮಾನಗಳ ಕಾಲ ಕಾದಾಡಿದ ಒಂದು ಸಮಸ್ಯೆ ಅಡಗಿದೆ. ಒಂದು ಮಾತನ್ನು ನಂಬಲು ಆಧಾರವೇನು, ಆ ಆಧಾರ ಮಾತಾಡಿದವನಲ್ಲಿದೆಯೋ ಮಾತಿನಲ್ಲೇ ಇದೆಯೋ ಎಂಬುದೇ ಆ ಸಮಸ್ಯೆ. ಪೂರ್ವಮೀಮಾಂಸಕರು ವೇದವನ್ನು ಅಪೌರುಷೇಯವೆಂದರು, ಅಂದರೆ ಅದನ್ನು ಯಾವ ಪುರುಷನೂ ರಚಿಸಿಲ್ಲವೆಂದರು. ಮಾತಿನ ದೋಷವೆಲ್ಲ ಆಡುವವನ ಭ್ರಮೆ, ಮೋಸ, ಅಜಾಗ್ರತೆಗಳಿಂದ ಬರುವುದರಿಂದ ಆಡಿದವನೇ ಇಲ್ಲದ ಮಾತಿಗೆ ದೋಷವೂ ಇರದು ಎಂಬುದು ಅವರ ವಾದದ ಸಾರ. ನೈಯಾಯಿಕರು ಇದನ್ನು ಒಪ್ಪದೆ, ಮಾತಿಗೆ ಪ್ರಾಮಾಣ್ಯ ಬರುವುದು ಆಪ್ತನಿಂದ, ಎಂದರೆ ವಿಷಯವನ್ನು ಬಲ್ಲ ಮತ್ತು ಇದ್ದುದನ್ನು ಇದ್ದಂತೆ ಹೇಳಬಯಸುವ ವ್ಯಕ್ತಿಯಿಂದ ಎಂದರು. ಸಾಲದ ಅರ್ಜಿಯನ್ನು ತಿರಸ್ಕರಿಸುವ, ರೋಗದ ಚಿತ್ರವನ್ನು ಓದುವ, ಕೇಳಿದ ಪ್ರಶ್ನೆಗೆ ನಿರರ್ಗಳವಾಗಿ ಉತ್ತರಿಸುವ ಯಂತ್ರಗಳು ಬಂದಿರುವ ಈ ಕಾಲದಲ್ಲಿ ಜನ ಅವುಗಳ ತೀರ್ಪನ್ನು ಕೇಳುವ ರೀತಿಯಲ್ಲಿ ಮೀಮಾಂಸಕರ ವಾದದ ನೆರಳು ಕಾಣುತ್ತದೆ: ಹೇಳಿದ್ದು ಮನುಷ್ಯನಲ್ಲ, ಆದ್ದರಿಂದ ಪಕ್ಷಪಾತವಿಲ್ಲ ಎಂಬ ನಂಬಿಕೆ ಅದು. ಪಾಠದ ಭಾಷೆಯನ್ನು ಆರಿಸುವವರು ಈ ನಂಬಿಕೆಯನ್ನು ಬೆಳೆಸಲೂಬಹುದು, ಅಲುಗಿಸಲೂಬಹುದು.

ಈ ಆಯ್ಕೆಯ ಎರಡು ತುದಿಗಳನ್ನು ಕಲ್ಯಾಣ ಕರ್ನಾಟಕದ ಸುರಪುರ ಸೀಮೆಯ ಧಾರ್ಮಿಕ ಚರಿತ್ರೆಯೇ ಒದಗಿಸುತ್ತದೆ. ಮುದನೂರಿನ ದೇವರ ದಾಸಿಮಯ್ಯ ವಚನಕಾರರಲ್ಲಿ ತೀರ ಮೊದಲಿಗರ ಸಾಲಿನವನು. ನೇಯ್ಗೆಯ ಕಾಯಕದವನೆಂದು ಪರಂಪರೆ ನೆನೆಯುವ ಈತ ರಾಮನಾಥ ಎಂಬ ಅಂಕಿತದಲ್ಲಿ, ಶಾಸ್ತ್ರದ ಪರಿಭಾಷೆಯನ್ನು ಬಹುಮಟ್ಟಿಗೆ ಬದಿಗಿಟ್ಟು, ಮಗ್ಗದ ಮುಂದೆ ಕೂತವನಿಗೂ ಹೊಲದಲ್ಲಿ ನಿಂತವನಿಗೂ ತಿಳಿಯುವ ಕನ್ನಡದಲ್ಲಿ ತತ್ತ್ವವನ್ನು ಹೇಳಿದ. ಅದೇ ಸೀಮೆಯ ಕೊಡೇಕಲ್ಲಿನಲ್ಲಿ ಮುಂದೆ 16ನೆಯ ಶತಮಾನದ ಹೊತ್ತಿಗೆ ಕೊಡೇಕಲ್ ಬಸವಣ್ಣನ ಪಂಥ ಬೆಳೆಯಿತು. ಹಿಂದೂ ಮುಸ್ಲಿಂ ಆಚರಣೆಗಳನ್ನು ಬೆಸೆದ ಈ ಪಂಥದ ಕಾಲಜ್ಞಾನ ಸಾಹಿತ್ಯ ಅಮರಗನ್ನಡವೆಂಬ ಗೂಢ ಲಿಪಿಯಲ್ಲಿ ಉಳಿದುಬಂತು, ಅದರ ಕೀಲಿಯನ್ನು ಗುರುಮುಖದಿಂದ ಪಡೆದವರಿಗಷ್ಟೇ ಅದು ಓದಿಗೆ ದಕ್ಕುತ್ತಿತ್ತು. ಒಬ್ಬನದು ಒಳ್ಳೆಯ ಆಯ್ಕೆ, ಇನ್ನೊಬ್ಬನದು ಕೆಟ್ಟದ್ದು ಎನ್ನುವುದು ಸುಲಭ, ಆದರೆ ನ್ಯಾಯವಲ್ಲ. ಉಪದೇಶಕ್ಕೆ ಅಧಿಕಾರಿ ಯಾರು, ಅಂದರೆ ಯಾವ ಸಿದ್ಧತೆಯುಳ್ಳವನಿಗೆ ಇದನ್ನು ಹೇಳುತ್ತಿದ್ದೇವೆ ಎಂಬುದನ್ನು ಮೊದಲೇ ನಿಶ್ಚಯಿಸಬೇಕೆಂದು ವೇದಾಂತ ಗ್ರಂಥಗಳು ಅನುಬಂಧ ಚತುಷ್ಟಯದ ಮೊದಲ ಅಂಗವಾಗಿ ವಿಧಿಸುತ್ತವೆ. ವಿಷಯ, ಸಂಬಂಧ, ಪ್ರಯೋಜನ ಅದರ ಉಳಿದ ಅಂಗಗಳು. ದಾಸಿಮಯ್ಯ ಅಧಿಕಾರಿಯ ವೃತ್ತವನ್ನು ಹಿಗ್ಗಿಸಿದ, ಕೊಡೇಕಲ್ಲಿನವರು ಕುಗ್ಗಿಸಿದರು. ಇಬ್ಬರಿಗೂ ತಾವು ಏನನ್ನು ಯಾರಿಗೆ ತೆರೆಯುತ್ತಿದ್ದೇವೆ, ಯಾರಿಂದ ಮರೆಮಾಡುತ್ತಿದ್ದೇವೆ ಎಂಬ ಅರಿವು ಇತ್ತು. ಇಂದಿನ ಪಠ್ಯಕ್ರಮಗಳಲ್ಲಿ ಕಡಿಮೆಯಾಗಿರುವುದು ಈ ಅರಿವೇ.

ಪ್ರೋಗ್ರಾಮಿಂಗ್ ಭಾಷೆಯೆಂದರೆ ಯಂತ್ರಕ್ಕೆ ಕೆಲಸ ಹೇಳಲು ಕಟ್ಟಿದ, ಪ್ರತಿ ವಾಕ್ಯಕ್ಕೂ ಒಂದೇ ಅರ್ಥವಿರುವ ಬರಹದ ವ್ಯವಸ್ಥೆ. ಕೋಡಿನ ಶೈಲಿಯೆಂದರೆ ಆ ವ್ಯವಸ್ಥೆಯೊಳಗೆ ಹೆಸರಿಡುವ, ಸಾಲು ಜೋಡಿಸುವ, ಟಿಪ್ಪಣಿ ಬರೆಯುವ ರೀತಿ. ಕೃತಕ ಬುದ್ಧಿಮತ್ತೆಯ ಬೋಧನೆಯಲ್ಲಿ ಮೂರು ಭಾಷೆಗಳು ಬೇರೆ ಬೇರೆ ಕಾಲದಲ್ಲಿ ಮುಖ್ಯವಾದವು, ಮತ್ತು ಮೊದಲ ಎರಡು ಅರಿವೆಂದರೇನು ಎಂಬುದರ ಬಗ್ಗೆ ಒಂದೊಂದು ಸಿದ್ಧಾಂತವನ್ನು ಹೊತ್ತು ತಂದವು. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ರೂಪಿಸತೊಡಗಿದ ಲಿಸ್ಪ್ ಭಾಷೆಯಲ್ಲಿ ಪ್ರೋಗ್ರಾಮೂ ದತ್ತಾಂಶವೂ ಒಂದೇ ರೂಪದ ಪಟ್ಟಿಗಳು. ಆದ್ದರಿಂದ ಪ್ರೋಗ್ರಾಮು ತನ್ನನ್ನೇ ತಾನು ಓದಿ ತಿದ್ದಬಲ್ಲದು, ಬುದ್ಧಿಯೆಂದರೆ ಚಿಹ್ನೆಗಳನ್ನು ಕೂಡಿಸಿ ಕಳೆಯುವ ಕ್ರಿಯೆ ಎಂಬ ನಿಲುವಿಗೆ ಅದು ಸಹಜವಾಗಿ ಒಗ್ಗುತ್ತದೆ. 1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಅಲಾನ್ ಕೊಲ್ಮರೋರ್ ಮತ್ತು ಸಂಗಡಿಗರು ರೂಪಿಸಿದ ಪ್ರೊಲಾಗ್ ಭಾಷೆಯಲ್ಲಿ ಮಾಡು ಎಂಬ ಆಜ್ಞೆಗೆ ಎರಡನೆಯ ಸ್ಥಾನ. ಅಲ್ಲಿ ಇರುವ ಸಂಗತಿಗಳನ್ನೂ ಅವುಗಳ ನಡುವಿನ ನಿಯಮಗಳನ್ನೂ ಹೇಳಿಟ್ಟರೆ ಉತ್ತರವನ್ನು ಯಂತ್ರ ಹುಡುಕಿಕೊಳ್ಳುತ್ತದೆ. ಹಾಲೆಂಡಿನ ಗೀಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಯಾವ ಸಿದ್ಧಾಂತಕ್ಕೂ ಕಟ್ಟುಬೀಳದೆ, ಓದಲು ಸುಲಭವಾಗಿರುವುದನ್ನೇ ಗುಣವಾಗಿಸಿಕೊಂಡು, ಸಿದ್ಧ ಗ್ರಂಥಾಲಯಗಳ ದೊಡ್ಡ ಸಂಗ್ರಹದ ಬಲದಿಂದ ಇಂದು ಈ ಕ್ಷೇತ್ರವನ್ನು ಆಳುತ್ತಿದೆ. ಗ್ರಂಥಾಲಯವೆಂದರೆ ಇಲ್ಲಿ ಬೇರೆಯವರು ಮೊದಲೇ ಬರೆದಿಟ್ಟ, ಹೆಸರು ಹಿಡಿದು ಕರೆದರೆ ಕೆಲಸ ಮಾಡಿಕೊಡುವ ಕೋಡಿನ ಸಂಚಯ.

ಲಿಸ್ಪ್ ಪೈಥಾನುಗಳ ಆಜ್ಞೆಗೂ ಪ್ರೊಲಾಗಿನ ಹೇಳಿಕೆಗೂ ಇರುವ ಅಂತರ ಮೀಮಾಂಸೆಯ ಓದುಗರಿಗೆ ಹೊಸದಲ್ಲ. ಪ್ರಾಭಾಕರ ಮೀಮಾಂಸಕರ ಪ್ರಕಾರ ಶಬ್ದದ ಅರ್ಥ ಯಾವಾಗಲೂ ಕಾರ್ಯಕ್ಕೆ, ಅಂದರೆ ಮಾಡಬೇಕಾದುದಕ್ಕೆ ಅಂಟಿಕೊಂಡಿರುತ್ತದೆ. ಮಗು ಭಾಷೆ ಕಲಿಯುವುದೇ ಹಿರಿಯರು ಒಬ್ಬರಿಗೊಬ್ಬರು ಕೊಡುವ ಅಪ್ಪಣೆ ಮತ್ತು ಅದರಿಂದ ನಡೆಯುವ ಕ್ರಿಯೆಗಳನ್ನು ನೋಡಿ ಎಂಬುದು ಅವರ ಸಾಕ್ಷ್ಯ. ವೇದಾಂತಿಗಳು ಸಿದ್ಧವಸ್ತುವನ್ನು, ಎಂದರೆ ಈಗಾಗಲೇ ಇರುವುದನ್ನು ತಿಳಿಸುವ ವಾಕ್ಯಕ್ಕೂ ಪೂರ್ಣ ಪ್ರಾಮಾಣ್ಯವಿದೆ ಎಂದು ವಾದಿಸಿದರು, ಏಕೆಂದರೆ ಬ್ರಹ್ಮವು ಮಾಡಬೇಕಾದ ಕೆಲಸವಲ್ಲ. ಈ ಎರಡರಲ್ಲಿ ಒಂದನ್ನೇ ಕಲಿತ ವಿದ್ಯಾರ್ಥಿಗೆ ಅರಿವಿನ ಅರ್ಧ ಮುಖವಷ್ಟೇ ಕಾಣುತ್ತದೆ. ಆ ಕಾರಣಕ್ಕೆ ಪ್ರೊಲಾಗ್ ಉದ್ಯೋಗ ಕೊಡಿಸದ ಭಾಷೆಯೆಂಬುದು ನಿಜವಾದರೂ ಅದನ್ನು ಪಾಠದಿಂದ ಪೂರ್ತಿ ಕಿತ್ತುಹಾಕುವುದು ನಷ್ಟವೇ. ಸ್ಟುವರ್ಟ್ ರಸೆಲ್ ಮತ್ತು ಪೀಟರ್ ನಾರ್ವಿಗ್ 1995ರ ತಮ್ಮ ಪ್ರಸಿದ್ಧ ಪಠ್ಯದಲ್ಲಿ ಯಾವುದೇ ನಿಜ ಭಾಷೆಯನ್ನು ಆಧಾರವಾಗಿಸದೆ ಯಂತ್ರಕ್ಕಲ್ಲದೆ ಮನುಷ್ಯನಿಗಾಗಿ ಬರೆದ ಹುಸಿಕೋಡಿನಲ್ಲಿ ವಿಧಾನಗಳನ್ನು ವಿವರಿಸಿ, ನಡೆಯುವ ಪ್ರೋಗ್ರಾಮುಗಳನ್ನು ಮೊದಲು ಲಿಸ್ಪಿನಲ್ಲಿ, ಕಾಲಕ್ರಮದಲ್ಲಿ ಪೈಥಾನಿನಲ್ಲಿ ಪ್ರತ್ಯೇಕವಾಗಿ ಒದಗಿಸಿದ್ದು ಇದಕ್ಕಿಂತ ಜಾಣ ನಿರ್ಧಾರ. ಭಾಷೆ ಹಳತಾದರೂ ಪುಸ್ತಕ ಹಳತಾಗಲಿಲ್ಲ.

ಭಾಷೆಯ ಆಯ್ಕೆ ಅರಿವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಬೋನಾಳದ ಕೆರೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಸುರಪುರದ ನಾಯಕ ದೊರೆಗಳ ಕಾಲದ ಈ ಕೆರೆ ಇಂದು ಪಕ್ಷಿಧಾಮ. ರಂಗನತಿಟ್ಟಿನ ನಂತರ ರಾಜ್ಯದ ದೊಡ್ಡ ಪಕ್ಷಿಧಾಮವೆಂದು ಅದನ್ನು ಗಣಿಸುತ್ತಾರೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಹಿಮಾಲಯದ ಆಚೆಯಿಂದ ಬಂದಿಳಿಯುವ ತಾಣ ಅದು. ಅಲ್ಲಿ ಕಾಣುವ ಕರಿ ಕೆಂಬರಲನ್ನೂ ಬಿಳಿ ಕೆಂಬರಲನ್ನೂ ಚಿತ್ರದಿಂದ ಗುರುತಿಸುವ ಯಂತ್ರವನ್ನು ವಿದ್ಯಾರ್ಥಿಗಳಿಂದ ಕಟ್ಟಿಸುವ ಪಾಠವೊಂದನ್ನು ಊಹಿಸಿದರೆ, ಪ್ರೊಲಾಗಿನಲ್ಲಿ ಬರೆಯುವವನು ನೆತ್ತಿಯ ಹಿಂದೆ ಕೆಂಪು, ಹೆಗಲಲ್ಲಿ ಬಿಳಿ ಮಚ್ಚೆ, ಉಳಿದ ಮೈ ಕಪ್ಪು ಎಂದು ತಾನು ಬಲ್ಲ ಲಕ್ಷಣವನ್ನು ತಾನೇ ಹೇಳಬೇಕಾಗುತ್ತದೆ. ತಪ್ಪಾದರೆ ತಪ್ಪು ಯಾವ ಸಾಲಿನಲ್ಲಿದೆ, ಯಾರು ಬರೆದದ್ದು ಎಂದು ಬೊಟ್ಟು ಮಾಡಬಹುದು. ಪೈಥಾನಿನ ಗ್ರಂಥಾಲಯವನ್ನು ಕರೆಯುವವನು ಹೆಸರು ಹಚ್ಚಿದ ಕೆಲವು ನೂರು ಚಿತ್ರಗಳನ್ನು ಒದಗಿಸಿ ಕಲಿಸು ಎಂಬರ್ಥದ ಒಂದೇ ಸಾಲು ಬರೆಯುತ್ತಾನೆ, ಯಂತ್ರ ಲಕ್ಷಣವನ್ನು ತಾನೇ ಕಂಡುಕೊಳ್ಳುತ್ತದೆ, ಆದರೆ ಕಂಡುಕೊಂಡದ್ದು ಯಾವುದನ್ನು? ಕರಿ ಕೆಂಬರಲು ಒಣ ಹೊಲಗಳಲ್ಲಿ ಹೆಚ್ಚು ಮೇಯುವ ಹಕ್ಕಿ, ಬಿಳಿ ಕೆಂಬರಲು ನೀರಂಚನ್ನು ಬಯಸುವಂಥದ್ದು; ಚಿತ್ರಗಳೂ ಹಾಗೆಯೇ ಬಂದಿದ್ದರೆ ಯಂತ್ರ ಹಕ್ಕಿಯನ್ನು ನೋಡುವ ಬದಲು ನೆಲವನ್ನು ನೋಡಿಯೇ ಸರಿಯುತ್ತರ ಹೇಳುತ್ತಿರಬಹುದು, ಮತ್ತು ಪರೀಕ್ಷೆಯ ಚಿತ್ರಗಳೂ ಅದೇ ರೀತಿಯವಾದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಂಕ ಗಳಿಸಬಹುದು.

ನ್ಯಾಯಶಾಸ್ತ್ರದಲ್ಲಿ ಈ ತಪ್ಪಿಗೆ ಹೆಸರೇ ಇದೆ. ಹೊಗೆಯಿದ್ದಲ್ಲಿ ಬೆಂಕಿ ಎಂಬ ತಪ್ಪದ ಸಹವಾಸವನ್ನು ವ್ಯಾಪ್ತಿಯೆನ್ನುತ್ತಾರೆ. ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂದು ತಿರುಗಿಸಿ ಹೇಳಿದರೆ ಕಾದ ಕಬ್ಬಿಣದ ಗುಂಡಿನಲ್ಲಿ ಅದು ಕೆಟ್ಟುಹೋಗುತ್ತದೆ, ಏಕೆಂದರೆ ಹೊಗೆಗೆ ಹಸಿ ಸೌದೆಯೂ ಬೇಕು, ಆ ಹಸಿ ಸೌದೆಯೇ ಇಲ್ಲಿ ಉಪಾಧಿ, ಅಂದರೆ ಕಣ್ಣಿಗೆ ಬೀಳದೆ ವ್ಯಾಪ್ತಿಯನ್ನು ನಡೆಸುತ್ತಿದ್ದ ಮರೆಯ ಷರತ್ತು. ಬೋನಾಳದ ಯಂತ್ರಕ್ಕೆ ಒಣನೆಲವೇ ಉಪಾಧಿ. 14ನೆಯ ಶತಮಾನದ ಸರ್ವದರ್ಶನಸಂಗ್ರಹದಲ್ಲಿ ಮಾಧವಾಚಾರ್ಯರು ನಿರೂಪಿಸುವ ಚಾರ್ವಾಕನ ಆಕ್ಷೇಪ ಇನ್ನೂ ತೀಕ್ಷ್ಣ: ಕಾಣದ ಉಪಾಧಿ ಎಲ್ಲಿಯೂ ಇಲ್ಲವೆಂದು ಯಾರೂ ಖಚಿತವಾಗಿ ಹೇಳಲಾರದ್ದರಿಂದ ಅನುಮಾನವೇ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದೇ, ಪ್ರಮಾಣವಲ್ಲ. ನೈಯಾಯಿಕರು ಅದಕ್ಕೆ ಕೊಟ್ಟ ಉತ್ತರವೆಂದರೆ ಶಂಕೆಗೆ ಕಾರಣವಿರುವಲ್ಲಿ ತರ್ಕದಿಂದ, ವಿರುದ್ಧ ಉದಾಹರಣೆಗಳ ಹುಡುಕಾಟದಿಂದ ಅದನ್ನು ಪರಿಹರಿಸಿಕೊಳ್ಳಬೇಕು ಎಂಬುದು. ಯಂತ್ರಕಲಿಕೆಯನ್ನು ಕಲಿಸುವವರು ವಿದ್ಯಾರ್ಥಿಗೆ ಕೊಡಬೇಕಾದ ಅಭ್ಯಾಸವೂ ಇಷ್ಟೇ, ಮತ್ತು ಒಂದೇ ಸಾಲಿನ ಕರೆ ಕಲಿಸದೆ ಬಿಡುವುದೂ ಇದನ್ನೇ, ಏಕೆಂದರೆ ಆ ಸಾಲಿನಲ್ಲಿ ಶಂಕೆ ಕೂರಲು ಜಾಗವಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಅಂತಿಮ ವರ್ಷದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯವಿತ್ತು. ಎ ಸ್ಟಾರ್ ಹುಡುಕಾಟ, ನಿರ್ಧಾರ ವೃಕ್ಷ ಕಟ್ಟುವ ಐಡಿ3, ಬೇಯ್ಸ್ ವರ್ಗೀಕರಣ ಮುಂತಾದವನ್ನು ವಿದ್ಯಾರ್ಥಿಗಳು ಬರೆಯಬೇಕಿತ್ತು, ಮತ್ತು ಕೆಲವನ್ನಾದರೂ ಗ್ರಂಥಾಲಯದ ನೆರವಿಲ್ಲದೆ ಬರೆಯಲು ಸಾಧ್ಯವಿತ್ತೆಂಬುದು ಆ ಪಟ್ಟಿಯ ಹೆಚ್ಚುಗಾರಿಕೆ. ಆದರೆ ಐಡಿ3ಗೆ ಬಳಕೆಯಾಗುವ ದತ್ತಾಂಶವನ್ನು ನೋಡಬೇಕು. ರಾಸ್ ಕ್ವಿನ್‌ಲನ್ 1986ರ ಲೇಖನದಲ್ಲಿ ಶನಿವಾರದ ಮುಂಜಾನೆಗಳ ಹವೆಯ ಹದಿನಾಲ್ಕು ಸಾಲುಗಳನ್ನು ಕೊಟ್ಟಿದ್ದರು, ಟಾಮ್ ಮಿಚೆಲ್ 1997ರ ಪಠ್ಯದಲ್ಲಿ ಅದನ್ನೇ ಟೆನಿಸ್ ಆಡುವ ದಿನ, ಆಡದ ದಿನ ಎಂದು ಮಾಡಿದರು. ಒಂಬತ್ತು ಹೌದು, ಐದು ಅಲ್ಲ. ಟೆನಿಸ್ ಅಂಗಳವನ್ನು ಕಂಡೇ ಇರದ ವಿದ್ಯಾರ್ಥಿಯೂ ಯಾರೋ ಒಬ್ಬ ಗಾಳಿ ಬೀಸಿದರೆ ಆಡುತ್ತಾನೋ ಇಲ್ಲವೋ ಎಂದು ಎಂಟ್ರೊಪಿ, ಅಂದರೆ ಅನಿಶ್ಚಯದ ಅಳತೆ, ಲೆಕ್ಕ ಹಾಕುತ್ತಾನೆ. ಇದರಲ್ಲಿ ನಗುವಂಥದ್ದಿದ್ದರೂ ದೋಷ ಅದಲ್ಲ. ಆ ಹೌದು ಅಲ್ಲಗಳನ್ನು ಬರೆದವರಾರು ಎಂದು ಕೇಳುವ ಪ್ರಸಂಗವೇ ಪಾಠದಲ್ಲಿ ಬರುವುದಿಲ್ಲ. ಅವು ಆಕಾಶದಿಂದ ಉದುರಿದಂತೆ ಕಡತದಲ್ಲಿ ಕೂತಿರುತ್ತವೆ. ಅದೇ ವೃಕ್ಷವನ್ನು ಶಹಾಪುರ ಭಾಗದ ನೀರಾವರಿ ಹೊಲಗಳ ಬಗ್ಗೆ, ಕಾಲುವೆಯ ನೀರು ಬಂದ ದಿನ ಬಾರದ ದಿನಗಳ ಬಗ್ಗೆ ವಿದ್ಯಾರ್ಥಿಯೇ ಕೇಳಿ ಬರೆದುಕೊಂಡ ಹದಿನಾಲ್ಕು ಸಾಲುಗಳಿಂದ ಕಟ್ಟಿಸಿದರೆ, ಹೌದು ಎಂದವನು ಯಾವ ರೈತ, ಕಾಲುವೆಯ ತುದಿಯವನೋ ತಲೆಯವನೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಲೆಕ್ಕ ಅದೇ, ಪ್ರೋಗ್ರಾಮೂ ಅದೇ. ಕರ್ತೃ ಮಾತ್ರ ಕಣ್ಣಿಗೆ ಬಿದ್ದಿರುತ್ತಾನೆ.

ಭಾಷೆಯೊಂದಕ್ಕೆ ತನ್ನಷ್ಟಕ್ಕೆ ದೈವಿಕ ಯೋಗ್ಯತೆಯಿದೆಯೆಂಬ ಇನ್ನೊಂದು ಬಗೆಯ ನಂಬಿಕೆಯನ್ನೂ ಇಲ್ಲಿ ಪರಿಶೀಲಿಸಬೇಕಾಗುತ್ತದೆ. ನಾಸಾದ ಏಮ್ಸ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ಎಐ ಮ್ಯಾಗಜೀನ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಹುಟ್ಟಿ, ಸಂಸ್ಕೃತವೇ ಗಣಕಕ್ಕೆ ಅತ್ಯಂತ ಯೋಗ್ಯ ಭಾಷೆಯೆಂದು ನಾಸಾ ಒಪ್ಪಿದೆ ಎಂಬ ಮಾತು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿದೆ. ಬ್ರಿಗ್ಸ್ ಹೇಳಿದ್ದು ಬೇರೆ: ವೈಯಾಕರಣರು ವಾಕ್ಯಾರ್ಥವನ್ನು ಬಿಡಿಸಲು ಬಳಸುತ್ತಿದ್ದ ಶಾಸ್ತ್ರೀಯ ಸಂಸ್ಕೃತದ ವಿವರಣೆಯ ಪದ್ಧತಿಗೂ ಆಗ ಕೃತಕ ಬುದ್ಧಿಮತ್ತೆಯಲ್ಲಿ ಬಳಕೆಯಲ್ಲಿದ್ದ, ಪರಿಕಲ್ಪನೆಗಳನ್ನು ಸಂಬಂಧಗಳಿಂದ ಜೋಡಿಸುವ ಅರ್ಥಜಾಲಗಳಿಗೂ ಬಹಳ ಹೋಲಿಕೆಯಿದೆ ಎಂಬುದು. ಮರುವರ್ಷ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಈ ವಿಷಯದ ಸಮ್ಮೇಳನ ನಡೆದು ಪಂಡಿತರೂ ಗಣಕ ವಿಜ್ಞಾನಿಗಳೂ ಒಂದೆಡೆ ಕೂತು ಚರ್ಚಿಸಿದರು. ಆ ಹೋಲಿಕೆ ಗಂಭೀರವಾದದ್ದು, ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳ ವ್ಯವಸ್ಥೆ ಪ್ರೋಗ್ರಾಮಿನ ಗುಣವುಳ್ಳದ್ದೆಂಬುದೂ ದಿಟ; ಆದರೆ ಕೀರ್ತಿ ಸಲ್ಲಬೇಕಾದದ್ದು ಭಾಷೆಯನ್ನು ಹಾಗೆ ಬಿಡಿಸಿ ನೋಡಿದ ಜನರಿಗೆ. ಕನ್ನಡವನ್ನೂ ಹಾಗೆ ಬಿಡಿಸಿದವರಿದ್ದಾರೆ, ಮತ್ತು ಯಾವ ಭಾಷೆಯಲ್ಲಿ ಬಿಡಿಸಬೇಕೆಂಬ ಪ್ರಶ್ನೆಯನ್ನು ಅವರೂ ಎದುರಿಸಿದ್ದರು. ಭಟ್ಟಾಕಳಂಕ 1604ರಲ್ಲಿ ಕನ್ನಡ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದ, ಅದು ದೇಶದ ಎಲ್ಲ ಪಂಡಿತರಿಗೂ ತಲುಪಲಿ ಎಂಬ ನಿಲುವು ಅದರ ಹಿಂದಿದ್ದಿರಬಹುದು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡವನ್ನು ಕನ್ನಡದಲ್ಲೇ ಹೇಳಿದ.

ಕೇಶಿರಾಜನ ವಿಧಾನ ಕೋಡಿನ ಶೈಲಿಗೆ ಇಂದಿಗೂ ಮಾದರಿ. ಕಂದಪದ್ಯದಲ್ಲಿ ಬಿಗಿಯಾದ ಸೂತ್ರ, ಅದರ ಕೆಳಗೆ ಗದ್ಯದಲ್ಲಿ ಬಿಡಿಸಿ ಹೇಳುವ ವೃತ್ತಿ, ಆಮೇಲೆ ಪೂರ್ವಕವಿಗಳ ಪ್ರಯೋಗ. ನಿಯಮ, ವಿವರಣೆ, ಪರೀಕ್ಷೆ ಮೂರೂ ಒಂದರ ಬೆನ್ನಿಗೊಂದು ನಿಲ್ಲುತ್ತವೆ, ನಿಯಮ ತಪ್ಪಿದ ಕಡೆ ಓದುಗನಿಗೇ ಗೊತ್ತಾಗುತ್ತದೆ. ಕೋಡಿನೊಳಗಿನ ಟಿಪ್ಪಣಿಯನ್ನು ಯಂತ್ರ ಓದುವುದಿಲ್ಲವಾದ್ದರಿಂದ ಅದು ದಂಡವೆಂದು ಭಾವಿಸುವ ವಿದ್ಯಾರ್ಥಿಗಳು ಬಹಳ. ಮೀಮಾಂಸೆ ಇದಕ್ಕೂ ಉತ್ತರ ಕೊಟ್ಟಿದೆ: ವೇದದಲ್ಲಿ ವಿಧಿಯಲ್ಲದ ಸ್ತುತಿ, ಕಥೆ, ಕಾರಣಗಳ ಭಾಗಕ್ಕೆ ಅರ್ಥವಾದವೆಂದು ಹೆಸರು, ಅದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ, ಆದರೂ ವಿಧಿಯೊಂದಿಗೆ ಕೂಡಿ ಮಾಡುವವನ ಮನಸ್ಸನ್ನು ಕ್ರಿಯೆಗೆ ಹೊಂದಿಸುವುದರಿಂದ ಅದು ವ್ಯರ್ಥವಲ್ಲ. ಒಂದು ಮಿತಿಯನ್ನು 0.5 ಎಂದು ಏಕೆ ಇಟ್ಟೆ, 0.7 ಎಂದು ಏಕೆ ಇಡಲಿಲ್ಲ ಎಂಬ ಕಾರಣವನ್ನು ಬರೆದ ಟಿಪ್ಪಣಿ ಯಂತ್ರದ ಮಟ್ಟಿಗೆ ಮೌನ, ಆದರೆ ಆ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯನಿದ್ದ ಎಂಬುದಕ್ಕೆ ಅದೊಂದೇ ಸಾಕ್ಷಿ. ಚರಗಳಿಗೆ, ಎಂದರೆ ಬೆಲೆ ಹಿಡಿದಿಡುವ ಹೆಸರುಗಳಿಗೆ, ಎಕ್ಸ್ ವೈ ಎಂದಷ್ಟೇ ಹೆಸರಿಡುವ ರೂಢಿ ಗಣಿತದಲ್ಲಿ ಚೆನ್ನ, ಜನರ ಬದುಕಿನ ದತ್ತಾಂಶದಲ್ಲಿ ಅದು ಅಳಿಸುವ ರಬ್ಬರಿನ ಕೆಲಸ ಮಾಡುತ್ತದೆ.

ಹೆಸರಿನ ಮಾತು ಬಂದಾಗ ಕನ್ನಡದ ಮಾತೂ ಬರುತ್ತದೆ. ಸಂವಿಧಾನದ 371ಜೆ ವಿಧಿಯ ಮೀಸಲಾತಿಯಿಂದ ಕಲ್ಯಾಣ ಕರ್ನಾಟಕದ ಕನ್ನಡ ಮಾಧ್ಯಮದ ಮಕ್ಕಳು ಎಂಜಿನಿಯರಿಂಗ್ ತರಗತಿಗೆ ಬರುತ್ತಿದ್ದಾರೆ, ಬಂದವರು ಹೊಸ ವಿಷಯವನ್ನೂ ಇಂಗ್ಲಿಷನ್ನೂ ಏಕಕಾಲಕ್ಕೆ ಹೊರಬೇಕಾಗಿದೆ. ಯು. ಬಿ. ಪವನಜ ಅವರು ಮಕ್ಕಳಿಗಾಗಿ ರೂಪಿಸಿದ ಕನ್ನಡದ ಲೋಗೋ, ಆಜ್ಞೆಯೂ ಕನ್ನಡದಲ್ಲಿರಬಹುದೆಂದು ತೋರಿಸಿತು. 2008ರ ಮೂರನೆಯ ಆವೃತ್ತಿಯಿಂದ ಪೈಥಾನ್ ಚರಗಳಿಗೆ ಕನ್ನಡ ಲಿಪಿಯ ಹೆಸರನ್ನೂ ಒಪ್ಪುತ್ತದೆ, ಆಜ್ಞಾಪದಗಳು ಮಾತ್ರ ಇಂಗ್ಲಿಷಿನವೇ. ಅಕ್ಷರಗಳು ಕೂಡಿಕೊಳ್ಳದಂತೆ ನಡುವೆ ಹಾಕುವ ಕಾಣದ ಗುರುತನ್ನು ಅದು ಒಪ್ಪದ ಕಾರಣ ಕೆಲವು ಕನ್ನಡ ಪದಗಳು ಅಲ್ಲಿ ನಿಲ್ಲುವುದಿಲ್ಲ. ಹೀಗಿದ್ದರೂ ಹೊಲ, ನೀರು_ಬಂತು ಎಂಬ ಹೆಸರುಗಳಿರುವ ಪ್ರೋಗ್ರಾಮು ಆರಂಭದ ವರ್ಷಕ್ಕೆ ಸಾಕಷ್ಟು ಒಳ್ಳೆಯದು. ಉದ್ಯೋಗ ಕೊಡುವ ಕಂಪನಿ ಇದನ್ನು ಕೇಳದು ಎಂಬ ಆಕ್ಷೇಪ ಸರಿಯೇ, ಆದರೆ ಮೊದಲ ವರ್ಷದ ಬರಹ ಕಂಪನಿಗಾಗಿ ಅಲ್ಲ.

ಇದೆಲ್ಲದರ ವಿರುದ್ಧ ಹೂಡಬಹುದಾದ ಬಲವಾದ ವಾದ ಬೇರೆಯೇ ಇದೆ. ಇಂದಿನ ದೊಡ್ಡ ನರಜಾಲಗಳಲ್ಲಿ ಅರಿವು ಕೋಡಿನಲ್ಲಿಲ್ಲ, ತರಬೇತಿಯಲ್ಲಿ ತಾನಾಗಿ ಹೊಂದಿಕೊಂಡ ತೂಕಗಳೆಂಬ ಸಂಖ್ಯೆಗಳಲ್ಲಿದೆ. 2020ರ ಜಿಪಿಟಿ-3 ಎಂಬ ಜಾಲದಲ್ಲಿ ಅಂಥ ಸಂಖ್ಯೆಗಳು 17,500 ಕೋಟಿ. ಅದರ ಮೂಲ ರಚನೆಯನ್ನು ಕೆಲವೇ ನೂರು ಸಾಲುಗಳ ನಿರ್ಮಲ ಪೈಥಾನಿನಲ್ಲಿ ಬರೆಯಬಹುದು, ಬರೆದರೂ ಆ ಸಂಖ್ಯೆಗಳು ಏನು ಹೇಳುತ್ತವೆಂದು ತಿಳಿಯದು. ಅಮರಗನ್ನಡಕ್ಕೆ ಕೀಲಿಯಿತ್ತು, ಬರೆದವನ ಉದ್ದೇಶವಿತ್ತು. ಇಲ್ಲಿ ಬರೆದವನೂ ಇಲ್ಲ, ಕೀಲಿಯೂ ಇಲ್ಲ. ಅಪೌರುಷೇಯದ ಮಾತು ನಿಜವಾಗಿ ಬಾಧಿಸುವುದು ಈ ಘಟ್ಟದಲ್ಲಿ. ಆದರೆ ಮೀಮಾಂಸಕನೇ ಇದನ್ನು ಒಪ್ಪಲಾರ, ಏಕೆಂದರೆ ಅವನ ವೇದಕ್ಕೆ ಆದಿಯಿಲ್ಲ, ಈ ಸಂಖ್ಯೆಗಳಿಗೆ ಆದಿಯಿದೆ: ಯಾವ ಬರಹಗಳನ್ನು ಸೇರಿಸಬೇಕು, ಯಾವುದನ್ನು ತಪ್ಪೆಂದು ಎಣಿಸಬೇಕು, ಯಾವ ಉತ್ತರಕ್ಕೆ ಭೇಷ್ ಎನ್ನಬೇಕು ಎಂದು ನಿರ್ಧರಿಸಿದವರು ಮನುಷ್ಯರು. ಕನ್ನಡದ ಬರಹ ಆ ರಾಶಿಯಲ್ಲಿ ತೀರ ಕಡಿಮೆಯಿರುವುದೂ ಅಂಥ ನಿರ್ಧಾರಗಳ ಫಲವೇ. ಪಾಠದಲ್ಲಿ ಬರೆಯುವ ಸಣ್ಣ ಪ್ರೋಗ್ರಾಮಿನ ಶುದ್ಧ ಶೈಲಿ ದೊಡ್ಡ ಜಾಲವನ್ನು ಪಾರದರ್ಶಕ ಮಾಡಲಾರದು. ನಿರ್ಧಾರ ಎಲ್ಲಿ ನಡೆಯಿತು ಎಂದು ಹುಡುಕುವ ಕಣ್ಣನ್ನಷ್ಟೇ ಅದು ಪಳಗಿಸಬಲ್ಲದು.

ವೇದದ ಪದಗಳನ್ನು ಬಿಡಿಸಿ ಹೇಳುವ ಯಾಸ್ಕನ ನಿರುಕ್ತದಲ್ಲಿ ಕೌತ್ಸನೆಂಬುವನ ಪೂರ್ವಪಕ್ಷ ಬರುತ್ತದೆ: ಮಂತ್ರಗಳಿಗೆ ಅರ್ಥವೇ ಇಲ್ಲ, ನಿಯತ ಪದಗಳನ್ನು ನಿಯತ ಕ್ರಮದಲ್ಲಿ ಉಚ್ಚರಿಸಿದರೆ ಕರ್ಮ ಸಿದ್ಧಿಸುತ್ತದೆ. ಯಾಸ್ಕ ಅದನ್ನು ಖಂಡಿಸಿದ, ಆದರೂ ದಾಖಲಿಸಿದ. ಗ್ರಂಥಾಲಯದ ಕರೆಯಿಂದ ಆರಂಭವಾಗುವ ಪಾಠ ಕೌತ್ಸನ ಪಕ್ಷದ್ದು, ಮತ್ತು ಕೋಡನ್ನೂ ಯಂತ್ರವೇ ಬರೆದುಕೊಡುವ ಈಚಿನ ವರ್ಷಗಳಲ್ಲಿ ಆ ಪಕ್ಷಕ್ಕೆ ಬಲ ಬಂದಿದೆ. ವಿದ್ಯಾರ್ಥಿ ಲ್ಯಾಬ್ ದಾಖಲೆಯಲ್ಲಿ ಬರೆದ ಸಾಲು ಅವನದೋ ಅಲ್ಲವೋ ಎಂದು ಶೈಲಿ ನೋಡಿ ಹೇಳುವುದು ಇನ್ನು ಸಾಧ್ಯವಿಲ್ಲ. ಹೀಗಾಗಿ ಪ್ರಯೋಗಾಲಯ ಪರೀಕ್ಷೆಯ ಕೊನೆಗೆ ಕೆಲವು ನಿಮಿಷಗಳಲ್ಲಿ ಮುಗಿಸಿಬಿಡುವ ಮೌಖಿಕ ಪ್ರಶ್ನೆಯ ಭಾಗಕ್ಕೆ, ಈಗ ಪ್ರೋಗ್ರಾಮ್ ಬರೆಯುವುದಕ್ಕೆ ಕೊಡುವುದಕ್ಕಿಂತ ಹೆಚ್ಚು ಅಂಕ ಮೀಸಲಿಡುವುದು ಸೂಕ್ತ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ವಿಧಾನದ ವ್ಯಾಖ್ಯೆಯಲ್ಲ, ಈ ಹೌದು ಅಲ್ಲಗಳನ್ನು ಯಾರಿಂದ ಪಡೆದೆ ಎಂಬುದು, ಮತ್ತು ಉತ್ತರವನ್ನು ವಿದ್ಯಾರ್ಥಿ ಕನ್ನಡದಲ್ಲಿ ಕೊಟ್ಟರೆ ಅಂಕ ಕಡಿಯಬಾರದು.